ಎದುರುಮನೆ ಆಯಿಯ ಹಗೇವು

ಹೋದ ವಾರ ಗಿರಣಿಯಲ್ಲಿ ಸರದಿಗೆ ಕೂತಿದ್ದೆ. ನನ್ನ ಮುಂದಿದ್ದ ಹಿರಿಯರೊಬ್ಬರು, ಐನಾಪುರದ ಕಡೆಯಿಂದ ಮಗಳ ಮನೆಗೆ ಬಂದವರು, ತಮ್ಮ ಜೋಳದ ಚೀಲದ ಬಾಯಿ ಬಿಚ್ಚಿದರು. ಗಿರಣಿಯವನು ಮೂಗು ಮುಚ್ಚಿಕೊಂಡ. "ಇದು ಕೆಟ್ಟದರಿ. ಇದರ ಹಿಂದ ಬೀಸಿದ್ರ ಎಲ್ಲಾರ ಹಿಟ್ಟೂ ನಾರ್ತದ" ಎಂದ. ಒದ್ದೆ ಮಣ್ಣು, ಹಳೆಯ ಹೊಟ್ಟು ಎರಡೂ ಕೂಡಿದ ಆ ಹುಳಿ ವಾಸನೆ ನನಗೂ ಬಡಿಯಿತು. ಎಲ್ಲಿತ್ತೋ ಸಿಟ್ಟು! "ಕೆಟ್ಟಿಲ್ಲೋ ತಮ್ಮಾ, ಹಗೇವಿನ ಜೋಳ ಅದು. ಅದರ ಹಿಂದ ನಂದೇ ಹಾಕು" ಎಂದು ನನ್ನ ಡಬ್ಬಿ ಮುಂದೆ ತಳ್ಳಿದೆ. ಹಿರಿಯರು ನಕ್ಕರು. ನಾನು ನಗಲಿಲ್ಲ. ಎದುರುಮನೆ ಆಯಿ ನೆನಪಾಗಿದ್ದಳು...

ಆಕೆ ನನಗೆ ರಕ್ತಸಂಬಂಧಿಯಲ್ಲ. ನಮ್ಮ ಓಣಿಯಲ್ಲಿ ಹಲ್ಲಿದ್ದವರು, ಹಲ್ಲಿಲ್ಲದವರು, ಎಲ್ಲರೂ ಆಕೆಯನ್ನು ಆಯಿ ಎಂದೇ ಕರೆಯುತ್ತಿದ್ದರು. ಸಣ್ಣ ದೇಹ, ದೊಡ್ಡ ಬಾಯಿ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಸೊಂಟದಲ್ಲಿ ಎಲೆ ಅಡಿಕೆ ಚೀಲ. ಆಕೆಯನ್ನು ಒಳ್ಳೆಯವಳು ಎಂದು ಹೊಗಳಿದರೆ ಓಣಿಯವರೇ ನಗುತ್ತಾರೆ. ಬೈಯದೆ ಮಾತಾಡಿದರೆ ಆಯಿಗೆ ಮೈ ಸರಿಯಿಲ್ಲ ಎಂದು ನಾವೆಲ್ಲ ಹೋಗಿ ವಿಚಾರಿಸುತ್ತಿದ್ದೆವು.

ನಾನು ಶಹಾಬಾದದಿಂದ ಸೇಡಂ ತಾಲೂಕಿನ ಈ ಹಳ್ಳಿಗೆ ಸೊಸೆಯಾಗಿ ಬಂದವಳು. ನಮ್ಮ ತವರಿನಲ್ಲಿ ಜೋಳ ಅಂಗಡಿಯಿಂದ ಬರುತ್ತಿತ್ತು. ಅಂಗಡಿಗೆ ಎಲ್ಲಿಂದ ಬರುತ್ತದೆಂದು ಯಾರೂ ಕೇಳಿರಲಿಲ್ಲ. ಇಲ್ಲಿಗೆ ಬಂದ ಹೊಸದರಲ್ಲಿ ಓಣಿಯ ನಡುವೆ ಒಂದು ದೊಡ್ಡ ಪರ್ಸಿ ಕಲ್ಲು ಕಂಡೆ. ನಮ್ಮೂರ ಗಣಿಯ ಹಾಸುಗಲ್ಲೇ ಅಲ್ಲವೇ ಎಂಬ ಸಲಿಗೆಯಿಂದ ಅದರ ಮೇಲೆ ತುಂಬಿದ ಕೊಡ ಇಳಿಸಿದೆ. ಎದುರು ಬಾಗಿಲಿಂದ ಗುಡುಗಿದಂತಾಯಿತು. "ಏ ಶಹಾಬಾದಿ! ಓಣಿ ಹೊಟ್ಟಿ ಮ್ಯಾಲ ನೀರ ಚೆಲ್ತೀಯೇನ?"

ಅಂದಿನಿಂದ ನಾನು ಶಹಾಬಾದಿಯೇ ಆದೆ. ಕಲ್ಲಿನ ಕೆಳಗೆ ಹಗೇವು ಇದೆ ಎಂದು ಗೊತ್ತಾದದ್ದೂ ಅಂದೇ. ನೆಲದಲ್ಲಿ ಬಾವಿಯಂತೆ ತೋಡಿ, ಒಳಗೆ ಕಣಕಿ, ಅಂದರೆ ಜೋಳದ ಒಣದಂಟು, ಸುಟ್ಟು ಗೋಡೆ ಒಣಗಿಸಿ, ಸುತ್ತ ಹೊಟ್ಟು ಒತ್ತಿ, ನಡುವೆ ಜೋಳ ಸುರಿದು, ಮೇಲೆ ಕಲ್ಲಿಟ್ಟು ಮಣ್ಣು ಮೆತ್ತುವ ಕಣಜ ಅದು. ಬೇರೆ ಕಡೆ ಒಬ್ಬೊಬ್ಬ ಸಾಹುಕಾರನಿಗೆ ಒಂದೊಂದು ಹಗೇವು ಇದ್ದವಂತೆ. ನಮ್ಮದು ಇಡೀ ಓಣಿಯದು. ಸುಗ್ಗಿಯಲ್ಲಿ ಪ್ರತಿ ಮನೆಯವರು ಕೈಲಾದಷ್ಟು ಸುರಿಯುತ್ತಿದ್ದರು. ಆಷಾಢದಲ್ಲಿ ಮನೆಗಳ ಕಾಳು ತಳ ಕಂಡಾಗ ಹಗೇವಿನ ಬಾಯಿ ತೆಗೆಯುತ್ತಿದ್ದರು.

ತೆಗೆದ ಮೇಲೆ ಒಂದು ಕಟ್ಟಳೆ. ನಮ್ಮ ಕಡೆ ಅಳೆಯುವಾಗ ಮೊದಲ ಸೇರಿಗೆ "ಒಂದು" ಎನ್ನುವುದಿಲ್ಲ, "ಲಾಭ" ಎನ್ನುತ್ತಾರೆ. ಎಲ್ಲ ಊರಲ್ಲೂ ಹಾಗೇ. ನಮ್ಮ ಓಣಿಯಲ್ಲಿ ಮಾತ್ರ ಆ ಮೊದಲ ಅಳತೆ ಹೋಗಬೇಕಾದದ್ದು ಹಗೇವಿಗೆ ಏನನ್ನೂ ಹಾಕಲಾಗದ ಮನೆಗೆ. ಹೊಲ ಇಲ್ಲದವರು, ಗಣಿಯಲ್ಲಿ ಕಲ್ಲು ಒಡೆಯುವವರು, ಆ ವರ್ಷ ಕೈಸೋತವರು. ಅವರಿಗೆ ಕೊಟ್ಟ ನಂತರವೇ ಹಾಕಿದವರ ಪಾಲು. ಇದೆಂಥ ಲೆಕ್ಕ ಎಂದು ನಾನೊಮ್ಮೆ ಕೇಳಿದ್ದಕ್ಕೆ ಆಯಿ ಎಲೆಗೆ ಸುಣ್ಣ ಹಚ್ಚುತ್ತ, "ಹಾಕಿದವರ ಮನ್ಯಾಗ ಇನ್ನೂ ಹಿಡಿ ಕಾಳರ ಇರ್ತಾವ. ಹಾಕದವರ ಮನ್ಯಾಗ ಏನಿರ್ತದ?" ಎಂದಳು. ಅಷ್ಟೇ. ದಾಸೋಹ ಗೀಸೋಹ ಎಂಬ ದೊಡ್ಡ ಮಾತು ಆಕೆಯ ಬಾಯಲ್ಲಿ ಬರುತ್ತಿರಲಿಲ್ಲ.

ಆದರೆ ವರ್ಷ ಹೋದಂತೆ ಜೋಳ ಬಿತ್ತುವವರು ಕಡಿಮೆಯಾದರು. ಎಲ್ಲಿ ನೋಡಿದರೂ ತೊಗರಿ. ತಪ್ಪೇನಿಲ್ಲ, ತೊಗರಿ ನಮ್ಮ ಮಣ್ಣಿನ ಬಂಗಾರ. ಜೋಳವಾದರೋ ಹಕ್ಕಿ ಕಾಯಬೇಕು, ಕೀಳಲು ಆಳು ಹುಡುಕಬೇಕು. ಹಗೇವಿಗೆ ಸುರಿಯುವುದು ತೆಳ್ಳಗಾಯಿತು. ಒಂದು ಸುಗ್ಗಿಯಲ್ಲಂತೂ ಕಲ್ಲು ಎತ್ತಲೇ ಇಲ್ಲ. ಜೋಳ ಬೇಕಾದರೆ ಸೇಡಂ ಪೇಟೆಯಲ್ಲಿ ಸಿಗುತ್ತದೆ ಎನ್ನುವುದು ಎಲ್ಲರ ಮಾತಾಯಿತು. ಆಯಿ ಮಾತ್ರ, "ಪ್ಯಾಟಿ ಬಾಗಿಲ ಮುಚ್ಚಿದ್ರ?" ಎನ್ನುತ್ತಿದ್ದಳು. ಪೇಟೆ ಬಾಗಿಲು ಎಲ್ಲಾದರೂ ಮುಚ್ಚುತ್ತದೆಯೇ ಎಂದು ನಾವು ನಗುತ್ತಿದ್ದೆವು.

ಆ ಚಳಿಗಾಲದ ಕೊನೆಗೆ ಓಣಿಗೆ ಸಿಸಿ ರಸ್ತೆ ಬಂತು. ತಂದವರು ನಮ್ಮ ಮಾವ, ಆಗ ಪಂಚಾಯ್ತಿ ಸದಸ್ಯರು. ನನಗೂ ರಸ್ತೆ ಬೇಕಿತ್ತು. ಎರೆಮಣ್ಣಿನ ಕೆಸರಿನಲ್ಲಿ ಬಸುರಿ ಹೆಂಗಸರನ್ನು ಹೊರಸಿನ ಮೇಲೆ ಹೊತ್ತೊಯ್ದದ್ದನ್ನು ನೋಡಿದ್ದೇನೆ. ರಸ್ತೆ ಬೇಡ ಎಂದವರ ಜೊತೆ ಇಂದಿಗೂ ಜಗಳಕ್ಕೆ ನಿಲ್ಲುತ್ತೇನೆ. ಆದರೆ ರಸ್ತೆ ಹಗೇವಿನ ಬಾಯಿಯ ಮೇಲೇ ಹಾಯುತ್ತಿತ್ತು. ಖಾಲಿ ಗುಂಡಿ, ಗರಸು ತುಂಬಿ ಮುಚ್ಚಿಬಿಡುವುದು ಎಂದು ಮಾವ ಒಪ್ಪಿಬಿಟ್ಟಿದ್ದರು.

ಮುಚ್ಚುವ ದಿನ ಬೆಳಗ್ಗೆ ನೋಡಿದರೆ ಕಲ್ಲಿನ ಮೇಲೆ ಹೊರಸು, ಹೊರಸಿನ ಮೇಲೆ ಕೌದಿ, ಕೌದಿಯ ಮೇಲೆ ಆಯಿ. ಸಿಮೆಂಟು ಕಲಸುವ ಯಂತ್ರ ಗುರುಗುರು ತಿರುಗುತ್ತಿತ್ತು. ಗುತ್ತಿಗೆದಾರನ ಆಳು, "ಏಳ್ರಿ ಆಯಿ, ಮಾಲ ಗಟ್ಟಿ ಆಗ್ಲಿಕತ್ತದ" ಎಂದು ಕೈಮುಗಿದ. ಆಕೆ ಎಲೆ ಮಡಚಿ ಬಾಯಿಗಿಟ್ಟುಕೊಂಡಳು. ಮಾವ ಬಂದರು.

"ಆಯಿ, ಖಾಲಿ ಹೊಟ್ಟಿ ಸಲುವಾಗಿ ಇಷ್ಟ್ಯಾಕ ಜಗಳ?"

"ಖಾಲಿ ಅದ ಅಂತ ನಿನ್ನ ಹೊಟ್ಟಿಗಿ ಸಿಮೆಂಟ ಹಾಕ್ಲೇನೋ ತಮ್ಮಾ?"

ಓಣಿ ಬಿದ್ದು ಬಿದ್ದು ನಕ್ಕಿತು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದೆ. ಮಾವನ ಮುಂದೆ ನಗುವಂತಿರಲಿಲ್ಲ. ಆಯಿ ಅಲ್ಲಿಗೇ ಬಿಡಲಿಲ್ಲ. "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವು. ರಸ್ತಾ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಇದನ್ನ ಬಿಟ್ಟು ಮಾಡ್ರಿ" ಎಂದಳು. ಮಧ್ಯಾಹ್ನದ ಬಿಸಿಲಿಗೆ ಅಲ್ಲಿಯೇ ರೊಟ್ಟಿ ಪುಂಡಿಪಲ್ಯ ತರಿಸಿ ಉಂಡಳು, ಯಂತ್ರದ ಆಳುಗಳಿಗೂ ಉಣಿಸಿದಳು. ಉಂಡವರು ಆಕೆಯನ್ನು ಎಬ್ಬಿಸುವುದು ಹೇಗೆ? ಸಂಜೆಗೆ ರಸ್ತೆ ಹಗೇವಿನ ಬಾಯಿಯನ್ನು ದುಂಡಗೆ ಬಿಟ್ಟು ಎರಡೂ ಕಡೆಯಿಂದ ಹಾದುಹೋಯಿತು.

ಗೆದ್ದಳು. ಆದರೆ ಮಾವನ ಮಾತು ಸುಳ್ಳಾಗಿರಲಿಲ್ಲ, ಹೊಟ್ಟೆ ಖಾಲಿಯೇ ಇತ್ತು. ತುಂಬದಿದ್ದರೆ ಮುಂದಿನ ವರ್ಷ ಮುಚ್ಚಿಯೇ ತೀರುವರೆಂದು ಆಕೆಗೂ ಗೊತ್ತು. ಮನೆ ಮನೆ ಹೊಕ್ಕು ಕಾಡತೊಡಗಿದಳು. ಗಂಡಸರೆಲ್ಲ ಕೂಡಿ, ಜೋಳ ಇಲ್ಲದಿದ್ದರೇನು, ಈ ಸಲ ತೊಗರಿಯನ್ನೇ ಸುರಿಯೋಣ ಎಂದು ತೀರ್ಮಾನಿಸಿದರು. ಚೀಲಗಳನ್ನು ಹೊತ್ತು ತಂದೂ ಬಿಟ್ಟರು! ತೊಗರಿ ಬಿತ್ತಿ ಬಿತ್ತಿ ತಲೆಯೊಳಗೂ ತೊಗರಿಯೇ ಬೆಳೆದಿತ್ತು ನೋಡಿ. ಹಗೇವಿಗೆ ಸುರಿದ ತೊಗರಿ ಹುಳು ಹಿಡಿಯುತ್ತದೆ ಎನ್ನುವುದೂ ಮರೆತಿತ್ತು.

"ಬ್ಯಾಳಿ ಮ್ಯಾಲ ಬ್ಯಾಳಿ ಹಾಕ್ಕೊಂಡು ಉಣ್ತೀರೇನ?" ಎಂದು ಆಯಿ ಎಲ್ಲರನ್ನೂ ಬೈದಳು. ಆದರೆ ಚೀಲಗಳನ್ನು ಹಿಂದಕ್ಕೆ ಕಳಿಸಲಿಲ್ಲ. ಆಕೆಯ ತವರು ಐನಾಪುರ. ಅಲ್ಲಿ ಆ ವರ್ಷ ಬಿಳಿಜೋಳ ಚೆನ್ನಾಗಿ ಬಂದಿತ್ತು, ತೊಗರಿ ಕೈಕೊಟ್ಟಿತ್ತು. ತೊಗರಿ ಹೇರಿಕೊಂಡು ಟ್ರ್ಯಾಕ್ಟರಿನಲ್ಲಿ ತಾನೇ ಕೂತು ಹೋದಳು. ತಿರುಗಿ ಬರುವಾಗ ಜೋಳದ ಚೀಲಗಳ ಮೇಲೆ ಕೂತು ಬಂದಳು. ತಕ್ಕಡಿ ಹಿಡಿಯುವ ದಲಾಲಿಯೊಬ್ಬನೂ ನಡುವೆ ಇರಲಿಲ್ಲ. ನಮ್ಮ ಬೇಳೆ ಅವರಿಗೆ, ಅವರ ರೊಟ್ಟಿ ನಮಗೆ. ಮತ್ತೆ ಕಣಕಿ ಸುಟ್ಟೆವು, ಹೊಟ್ಟು ಒತ್ತಿದೆವು, ತುಂಬಿದೆವು. ಕಲ್ಲಿನ ಸುತ್ತ ಮೆತ್ತಿದ ಮಣ್ಣು ಸರಿಯಾಗಿ ಒಣಗಿರಲಿಲ್ಲ, ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಕೊರೊನಾ.

ವಾಡಿಯಲ್ಲಿ ರೈಲು ನಿಂತವು, ಸೇಡಮ್ಮಿನ ಬಸ್ಸು ನಿಂತವು, ಪೇಟೆ ಮುಚ್ಚಿತು. ರೇಷನ್ ಅಕ್ಕಿ ಬಂತು, ಸುಳ್ಳು ಹೇಳಬಾರದು. ಅದಿಲ್ಲದಿದ್ದರೆ ಇನ್ನೂ ಕಷ್ಟವಿತ್ತು. ಆದರೆ ಹೈದರಾಬಾದಿನಲ್ಲಿ ಮನೆ ಕಟ್ಟುವ ಕೆಲಸಕ್ಕೆ ಹೋಗಿದ್ದವರು ನಡೆದೇ ಬರತೊಡಗಿದರು. ಚಿತ್ತಾಪುರದ ಕಡೆಯ ಕೆಲವು ಕುಟುಂಬಗಳು ಮುಂದೆ ಹೋಗಲಾಗದೆ ನಮ್ಮೂರ ಶಾಲೆಯಲ್ಲಿ ಉಳಿದವು. ಅವರ ಕಾರ್ಡು ಅವರ ಊರಲ್ಲಿ, ಹಸಿವು ನಮ್ಮೂರಲ್ಲಿ.

ಹಗೇವು ತೆಗೆಯಬೇಕು ಎಂದಳು ಆಯಿ. ಓಣಿ ಬೆಚ್ಚಿತು. ಹಗೇವು ಡಬ್ಬಿಯಲ್ಲ, ಬೇಕಾದಾಗ ಹಿಡಿ ತೆಗೆದು ಮುಚ್ಚಲು. ಒಮ್ಮೆ ಬಾಯಿ ತೆರೆದರೆ ಪೂರ್ತಿ ಖಾಲಿ ಮಾಡಬೇಕು, ಗಾಳಿಯಾಡಿದ ಕಾಳು ಉಳಿಯುವುದಿಲ್ಲ. ಈಗಲೇ ತೆಗೆದರೆ ಆಷಾಢಕ್ಕೆ ಏನು? ಈ ರೋಗ ಎಷ್ಟು ದಿನವೋ ಯಾರಿಗೆ ಗೊತ್ತು? ಮಾವ ಅದನ್ನೇ ಕೇಳಿದರು. ಆ ಸಲ ಅವರ ದನಿಯಲ್ಲಿ ಹಟ ಇರಲಿಲ್ಲ, ಹೆದರಿಕೆ ಇತ್ತು. ನನ್ನ ಒಳಗೂ ಅದೇ ಇತ್ತು. ಮನೆಯಲ್ಲಿ ಇಬ್ಬರು ಸಣ್ಣ ಮಕ್ಕಳು...

"ಹಸಿವು ಪಂಚಾಂಗ ನೋಡಿ ಬರ್ತದೇನೋ?" ಎಂದಳು ಆಯಿ. ಬೈಗುಳವೂ ಇಲ್ಲದೆ, ಮೆಲ್ಲಗೆ. ಮಾವ ಎದ್ದು ಹಾರೆ ತಂದರು.

ಕಲ್ಲು ಸರಿಸಿ, ಒಳಗಿನ ಬಿಸಿ ಗಾಳಿ ಹೊರಹೋಗಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿದರು. ಆರಿದರೆ ಒಳಗೆ ಉಸಿರಾಡುವ ಗಾಳಿ ಇಲ್ಲವೆಂದೇ ಅರ್ಥ, ಯಾರೂ ಇಳಿಯಬಾರದು. ಉರಿಯುತ್ತಲೇ ಇತ್ತು. ಅಳೆಯಲು ಕೂತವರು ಮಾವನೇ. ಮುಖಕ್ಕೆ ಟವೆಲು ಸುತ್ತಿಕೊಂಡು ಸೇರು ತುಂಬಿ, ಇಡೀ ಓಣಿಗೆ ಕೇಳುವಂತೆ, "ಲಾಭ" ಎಂದರು. ಅದರಿಂದ ಹಿಡಿದು ಮೊದಲ ಪಾಲೆಲ್ಲ ಶಾಲೆಗೆ ಹೋಯಿತು, ನಮ್ಮ ಓಣಿಯವರೂ ಅಲ್ಲದ, ನಮ್ಮ ಊರಿನವರೂ ಅಲ್ಲದ ಜನರ ಕಡೆಗೆ. ಉಳಿದದ್ದು ಮನೆ ಮನೆಗೆ. ಆಷಾಢದಲ್ಲಿ ರೊಟ್ಟಿ ತೆಳ್ಳಗಾದವು, ಹೌದು. ಯಾರೂ ಸಾಯಲಿಲ್ಲ. ಜೋಳ ಯಾರು ತಿನ್ನುತ್ತಾರೆ ಈಗ ಎಂದು ನನ್ನೆದುರು ಹೇಳುವವರಿಗೆ ನಾನು ಇದೊಂದನ್ನೇ ಹೇಳುತ್ತೇನೆ. ನಾವು ತಿಂದೆವು. ಶಾಲೆಯಲ್ಲಿದ್ದವರೂ ತಿಂದರು.

ಹಗೇವನ್ನು ರಸ್ತೆಯಿಂದ ಉಳಿಸಿಕೊಂಡೆವು, ನೀರಿನಿಂದ ಉಳಿಸಿಕೊಳ್ಳಲಾಗಲಿಲ್ಲ. ಅದೇ ವರ್ಷ ಕಾಗಿಣಾ ಹೊಳೆ ತುಂಬಿ ಬಂದಾಗ ರಸ್ತೆಯ ಮೇಲಿನ ನೀರೆಲ್ಲ ದುಂಡು ಬಾಯಿಗೇ ಇಳಿದು ಒಳಗೋಡೆ ಕುಸಿಯಿತು. ಆಯಿ ಬಗ್ಗಿ ನೋಡಿದಳು. ಅಳುತ್ತಾಳೆ ಎಂದುಕೊಂಡೆ. "ಹಗೇವ ಹೋಯ್ತು, ಹೋಗ್ಲಿ. ಹೊಲ ಹೋಗಿಲ್ಲಲ್ಲ" ಎಂದು ಸೆರಗು ಕೊಡವಿದಳು. ಮರುದಿನವೇ ಮನೆಗೊಂದು ಡ್ರಮ್ಮು ಇಡಿಸಿದಳು, ಬೇವಿನ ಸೊಪ್ಪು ಹಾಕಿ ಓಣಿಯ ಪಾಲು ಬೇರೆ ಇಡಬೇಕೆಂದು. ಹೊಲದಲ್ಲಿ ತೊಗರಿಯ ಪಕ್ಕ ಒಂದು ತುಂಡು ಜೋಳ ಬಿತ್ತಲೇಬೇಕೆಂದು. ಮುಂದಿನ ಚಳಿಗಾಲ ಆಕೆ ಕಾಣಲಿಲ್ಲ. ಮಣ್ಣಿಗಿಟ್ಟು ಬರುವಾಗ ಯಾರೋ, ಇನ್ನು ರಸ್ತೆಯ ಆ ತೂತು ಮುಚ್ಚಬಹುದು ಎಂದರು. ಅವರ ಮುಖ ನೋಡಿ ಮಾವ, "ಬಾಯಿ ಮುಚ್ಚು ಮೊದಲ" ಎಂದರು.

ಮುಚ್ಚಿದರು ಕೊನೆಗೆ. ಹಗೇವು ಈಗಿಲ್ಲ. ಡ್ರಮ್ಮುಗಳಿವೆ, ಐನಾಪುರದ ಟ್ರ್ಯಾಕ್ಟರು ಇಂದಿಗೂ ಬರುತ್ತದೆ, ಹೋಗುತ್ತದೆ.

ಈ ವರ್ಷ ಓಣಿಯಲ್ಲಿ ಏನೂ ಹಾಕಲಾಗದ ಮನೆ ಒಂದೇ. ಎದುರುಮನೆ, ಆಯಿಯದೇ. ನಿಂತ ನೀರಿಗೆ ಅವರು ಬಿತ್ತಿದ ಜೋಳ ಕೊಳೆತುಹೋಗಿತ್ತು. ಡ್ರಮ್ಮುಗಳಲ್ಲಿಟ್ಟ ಓಣಿಯ ಪಾಲು ಅಳೆಯುವ ದಿನ, ನಿನ್ನೆ, ಆಯಿಯ ಸೊಸೆ ಬೆಳಗಿನಿಂದ ಬಾಗಿಲು ಹಾಕಿಕೊಂಡಿದ್ದಳು. ಮಾವ ಈಗ ಕೂರಲಾರರು; ಸೇರು ನನ್ನ ಕೈಯಲ್ಲಿ. ಮೊದಲ ಅಳತೆ ಮಡಿಲಿಗೆ ಹಾಕಿಕೊಂಡು ಹೋಗಿ ಬಾಗಿಲು ಬಡಿದೆ. ಅರ್ಧ ತೆರೆದಳು.

"ತಿರುಗಿ ಒಯ್ಯವ್ವಾ ಶಹಾಬಾದಿ. ನಮ್ಮತ್ತಿ ಇದ್ದಿದ್ರ ಈ ಜೋಳ ಮುಟ್ತಿದ್ದಿಲ್ಲ."

"ಮುಟ್ತಿದ್ದಿಲ್ಲ? ನಿಮ್ಮತ್ತಿ ಇದ್ದಿದ್ರ ಇಷ್ಟೊತ್ತಿಗಿ ಬಂದು, ನಂದು ಎಲ್ಲಿ ಅಂತ ನನಗ ಬೈತಿದ್ಳು."

ಆಕೆ ಬಾಗಿಲು ಪೂರ್ತಿ ತೆಗೆದು ಸೆರಗು ಒಡ್ಡಿದಳು. ನಾನು ಸುರಿದೆ. ಕಾಳು ನೋಡಿಕೊಂಡು, ಕಣ್ಣಲ್ಲಿ ನೀರಿದ್ದರೂ ಹುಬ್ಬು ಗಂಟಿಕ್ಕಿ, "ಸೇರು ತುಂಬಿ ಅಳೀಬಾರದೇನ? ತವರಿಂದ ತಂದಾಂಗ ಕೈಬಿಗಿ ಮಾಡ್ತೀಯಲ್ಲ" ಎಂದಳು.

ಅವಳ ಎದುರಿಗೆ ನಕ್ಕೆ. ಮನೆಗೆ ಬಂದು ಒಲೆಯ ಮುಂದೆ ಕೂತು ಮನಸಾರೆ ಅತ್ತೆ. ಬೈಗುಳ ಆಯಿಯದೇ; ಆದರೆ ಬೈಯಲು ಆಯಿಯೇ ಬೇಕಾಗಿತ್ತು.