ಉಪ್ಪುನೀರಿನ ದಡದಲ್ಲಿ ಗಟ್ಟಿಮೇಳ

ರಾತ್ರಿ ಎಂಟು ಗಂಟೆಗೆ, ಕಣ್ಣು ಕುಕ್ಕುವ ಬಿಸಿಲಿನಲ್ಲಿ, ನನ್ನ ಎಂಟು ವರ್ಷದ ಮೊಮ್ಮಗಳು ಮೇಘಾಳಿಗೆ ಮದುವೆಯಾಯಿತು. ಗಂಡು ಯಾರ ಮಗನೋ, ಕೆಂಚು ಕೂದಲಿನವನು, ಮುಂದಿನ ಎರಡು ಹಲ್ಲು ಬಿದ್ದಿದ್ದವು. ಗಾಬರಿಯಾಗಬೇಡಿ, ಆಟದ ಮದುವೆ. ಆದರೂ ಹೆಣ್ಣಿನ ತಾತ ನಾನೇ ಅಲ್ಲವೇ? ಆ ಸಂತೋಷ ಹೊಟ್ಟೆಯಲ್ಲಿ ಹಿಡಿಸದೆ ನಿಮಗೆ ಬರೆಯುತ್ತಿದ್ದೇನೆ.

ಸಿಯಾಟಲ್ ಪಕ್ಕದ ಸಮಾಮಿಶ್‌ನಲ್ಲಿ ಮಗಳು ರೇಖಾಳ ಮನೆಗೆ ಬಂದು ಒಂಬತ್ತು ತಿಂಗಳಾಯಿತು. ಮಂಡ್ಯದ ಕಡೆ ನಲವತ್ತು ವರ್ಷ ಮದುವೆಗಳಲ್ಲಿ ಡೋಲು ಬಾರಿಸಿದ ಕೈ ನನ್ನದು. ಇಲ್ಲಿ ಸದ್ದೆಂಬುದೇ ಇಲ್ಲ. ಬೀದಿಯಲ್ಲಿ ಒಂದು ಆಳು ಕಾಣುವುದಿಲ್ಲ. ಹಾಲಿಗೂ ಕಾರು, ಹೂವಿಗೂ ಕಾರು. ಸತ್ತರೂ ಪಕ್ಕದ ಮನೆಗೆ ತಿಳಿಯದಷ್ಟು ಮೆತ್ತಗೆ ಬದುಕುವುದನ್ನೇ ಇವರು ಮರ್ಯಾದೆ ಅಂದುಕೊಂಡಿದ್ದಾರೆ.

ಆ ಮೌನದಲ್ಲಿ ನನ್ನ ಬೆರಳು ಸುಮ್ಮನಿರಲಿಲ್ಲ. ಊಟದ ಮೇಜು, ಕಾರಿನ ಬಾಗಿಲು, ಸಿಕ್ಕಿದ್ದರ ಮೇಲೆಲ್ಲ ಬಾರಿಸುತ್ತಿತ್ತು. ಒಂದು ದಿನ ಮೇಘಾಳ ಶಾಲೆಯ ಗೇಟಿನ ಮೇಲೂ ಬಾರಿಸಿದೆ. ಅವಳ ಗೆಳತಿಯರು ನಕ್ಕರಂತೆ. ಅಂದಿನಿಂದ ಮಗು ನನ್ನ ಜೊತೆ ಹೊರಗೆ ಬರುವುದನ್ನೇ ಬಿಟ್ಟಿತು.

ಪಕ್ಕದ ಮನೆಯ ಅಜ್ಜಿಯ ಹೆಸರು ಇಂಗ್ರಿಡ್. ಆಕೆಯ ಹಿರಿಯರು ನಾರ್ವೆ ದೇಶದ ಒಂದು ಕಡಲ ತೀರದ ಪಟ್ಟಣದವರು. ಬೇಸಿಗೆಯ ಅತಿ ಉದ್ದದ ಹಗಲು ಬಂದಾಗ ಅಲ್ಲಿ ದಡದಲ್ಲಿ ಬೆಂಕಿ ಹಾಕಿ, ಮಕ್ಕಳಿಗೆ ಆಟದ ಮದುವೆ ಮಾಡುತ್ತಾರಂತೆ. ಹಬ್ಬದ ಹೆಸರು ಸಾಂಕ್ತ್‌ಹಾನ್ಸ್. ಹೇಳಹೋದರೆ ನಾಲಿಗೆಗೆ ಗಂಟು ಬೀಳುತ್ತದೆ. ಇಲ್ಲಿರುವ ಅವರ ಜನ ಅದನ್ನು ಸಿಯಾಟಲ್‌ನ ಉಪ್ಪುನೀರಿನ ದಡದಲ್ಲಿ ಮಾಡುತ್ತಾರೆ. ಈ ಸಲ ಮದುವೆಯ ಹೆಣ್ಣಾಗಲು ಇಂಗ್ರಿಡ್ ನಮ್ಮ ಮೇಘಾಳನ್ನು ಕರೆದರು. ಶಾಲೆಯ ಮಕ್ಕಳೂ ಬರುವವರಿದ್ದರು. ಹೊರಡುವ ಮುಂಚೆ ರೇಖಾ ನನ್ನನ್ನು ಅಡುಗೆಮನೆಗೆ ಕರೆದಳು.

"ಅಪ್ಪಾ, ಅಲ್ಲಿ ಏನೂ ಬಾರಿಸ್ಬೇಡಿ. ಮೇಘಾ ನನ್ನ ಹತ್ರ ಪ್ರಾಮಿಸ್ ಮಾಡಿಸ್ಕೊಂಡಿದಾಳೆ."

ಮಾತು ಕೊಟ್ಟೆ.

ಆ ಹಬ್ಬದ ಚೆಂದ ಏನು ಹೇಳಲಿ. ನಮ್ಮಲ್ಲಿ ಸಂಕ್ರಾಂತಿಗೆ ಎತ್ತು ಹಾಯಿಸುವ ಕಿಚ್ಚಿನ ಹತ್ತಿರ ಹೋದರೆ ಮೀಸೆ ಸುಡುತ್ತದೆ. ಇವರದು ಕಬ್ಬಿಣದ ತೊಟ್ಟಿಯಲ್ಲಿ ಒಂದು ಹಿಡಿ ಬೆಂಕಿ, ಪಕ್ಕದಲ್ಲಿ ಎರಡು ಬಕೆಟ್ ನೀರು, ಕಾಯಲು ಒಬ್ಬ ಮನುಷ್ಯ. ಬೀಡಿ ಹಚ್ಚಲೂ ಸಾಲದು. ಮದುವೆ ಊಟವೋ, ಹುಳಿ ಕೆನೆಗೆ ಹಿಟ್ಟು ಹಾಕಿ ಕುದಿಸಿದ ಗಂಜಿ. ಮೇಲೆ ತೇಲುವ ಬೆಣ್ಣೆ, ಸಕ್ಕರೆ, ಚಕ್ಕೆ ಪುಡಿ. ನಮ್ಮ ಕಡೆ ಹೊಟ್ಟೆ ಕೆಟ್ಟವರಿಗೂ ಇದಕ್ಕಿಂತ ರುಚಿಯಾದದ್ದನ್ನು ಕೊಡುತ್ತೇವೆ. ಆಷಾಢ ಬಾಗಿಲಿಗೆ ಬಂದಿರುವಾಗ ಮದುವೆ ಬೇರೆ. ಸೂರ್ಯನಿಗಾದರೂ ಹೊತ್ತಿಗೆ ಸರಿಯಾಗಿ ಮನೆಗೆ ಹೋಗುವ ಬುದ್ಧಿ ಬೇಡವೇ?

ಇಂಗ್ರಿಡ್ ಪಿಟೀಲು ನುಡಿಸುತ್ತ ಮುಂದೆ ನಡೆದರು. ಸೊಳ್ಳೆ ಅತ್ತಂತಿತ್ತು. ಹಿಂದೆ ಹೂವಿನ ಕಿರೀಟ ತೊಟ್ಟ ಮೇಘಾ. ದೇವರಾಣೆ, ನಾನು ಬಾರಿಸಿದ ಯಾವ ಚಪ್ಪರದಲ್ಲೂ ಅಷ್ಟು ಲಕ್ಷಣವಾದ ಹೆಣ್ಣನ್ನು ಕಂಡಿಲ್ಲ. ನಾನು ಒಂದು ಐಸ್ ಪೆಟ್ಟಿಗೆಯ ಮೇಲೆ ಕೂತು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದೆ.

ಹೆಣ್ಣು ಗಂಡು ಎದುರುಬದುರು ನಿಂತಾಗ ಆ ಹಲ್ಲಿಲ್ಲದವನು ಮುಖ ಸಿಂಡರಿಸಿ ಕಿರೀಟ ತೋರಿಸಿ ಏನೋ ಅಂದ. ಮಕ್ಕಳೆಲ್ಲ ಗೊಳ್ಳೆಂದು ನಕ್ಕವು. ಮೇಘಾಳ ತುಟಿ ನಡುಗಿತು. ನಮ್ಮಲ್ಲಿ ತಾಳಿ ಕಟ್ಟುವ ಹೊತ್ತಿಗೆ ಸೀನು, ಅಳು, ಕೆಟ್ಟ ಮಾತು ಹೆಣ್ಣಿನ ಕಿವಿಗೆ ಬೀಳಬಾರದೆಂದೇ ಹಿರಿಯರು ಬೆರಳಾಡಿಸಿ ಗಟ್ಟಿಮೇಳ ಎನ್ನುತ್ತಾರೆ, ನಾವು ಜೋರಾಗಿ ಬಾರಿಸಿ ಉಳಿದೆಲ್ಲ ಸದ್ದನ್ನೂ ಮುಚ್ಚಿಬಿಡುತ್ತೇವೆ. ನಲವತ್ತು ವರ್ಷ ಊರವರ ಹೆಣ್ಣುಮಕ್ಕಳಿಗೆ ಮಾಡಿದ್ದನ್ನು ನನ್ನ ಮಗುವಿಗೆ ಮಾಡುವಂತಿರಲಿಲ್ಲ. ತೊಡೆಯಡಿಯ ಕೈ ಜೋಮು ಹಿಡಿಯಿತು.

ಆಗ ಮೇಘಾ ಜನರ ನಡುವೆ ನನ್ನನ್ನು ಹುಡುಕಿದಳು. ಬಲಗೈ ಎತ್ತಿ ತೋರುಬೆರಳು ಆಡಿಸಿದಳು, ರೇಖಾಳ ಮದುವೆಯ ವಿಡಿಯೋದಲ್ಲಿ ಪುರೋಹಿತರು ಆಡಿಸಿದ್ದಂತೆಯೇ. ನಾವು ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಗು ಅದು.

"ತಾತಾ, ಗಟ್ಟಿಮೇಳ."

ಪೆಟ್ಟಿಗೆಯಿಂದ ಇಳಿದು ಮಂಡಿಯೂರಿದೆ. ಆ ಪೆಟ್ಟಿಗೆಯ ಮೇಲೇ ಬಾರಿಸಿದೆ ನೋಡಿ. ನಗು ಎಲ್ಲಿ ಅಡಗಿತೋ ಗೊತ್ತಿಲ್ಲ. ನಾಯಿಗಳು ಬೊಗಳಿದವು, ಬೆಂಕಿ ಕಾಯುವವನು ಬಕೆಟ್ ಎತ್ತಿಕೊಂಡ, ಗಂಡು ಹೋಗಿ ಇಂಗ್ರಿಡ್ ಹಿಂದೆ ಅವಿತ. ಮೇಘಾ ಬೆರಳಾಡಿಸುತ್ತಲೇ ಇದ್ದಳು, ನನ್ನನ್ನು ನಿಲ್ಲಿಸಲು ಬಿಡಲಿಲ್ಲ.

ಮುಂದಿನ ವರ್ಷ ನಿಜವಾದ ವಾದ್ಯವನ್ನೇ ತನ್ನಿ ಎಂದು ಇಂಗ್ರಿಡ್ ರೇಖಾಳ ಬಾಯಲ್ಲಿ ಹೇಳಿಸಿದರು. ಮೇಘಾ ಈಗ ದಿನಾ ಡೋಲು ಯಾವಾಗ ಬರುತ್ತದೆ ಎಂದು ಕೇಳುತ್ತಾಳೆ. ಅದು ಊರಿನಲ್ಲಿ ತಮ್ಮನ ಹತ್ತಿರವಿದೆ. ಈ ವರ್ಷದ ದಸರಾಕ್ಕೆ ವಾಪಸು ಬರುತ್ತೇನೆ ಎಂದು ಹೇಳಿಯೇ ಅವನ ಕೈಗೆ ಕೊಟ್ಟು ಬಂದಿದ್ದೆ. ಮೊನ್ನೆ ಬೆಳಿಗ್ಗೆ ಫೋನ್ ಮಾಡಿ ವಿಷಯ ತಿಳಿಸಿದೆ.

"ಕಳಿಸ್ಲಾ ಅಣ್ಣ? ಡೋಲು ಅಲ್ಲಿಗೆ ಬಂದ್ಮೇಲೆ ನೀನಿನ್ನು ಇತ್ಲಾಗೆ ಬರಾಕಿಲ್ಲ ಅನ್ನು."

ಮಳೆಗಾಲದ ತೇವಕ್ಕೆ ಡೋಲಿನ ಚರ್ಮ ಸಡಿಲವಾಗುತ್ತದೆ, ನಿನ್ನ ಹತ್ತಿರ ಇರುವವರೆಗೆ ಎಂಟು ದಿನಕ್ಕೊಮ್ಮೆ ಬಿಸಿಲಿಗಿಡು ಎಂದಷ್ಟೇ ಹೇಳಿ ಫೋನ್ ಇಟ್ಟೆ.