ಬಟ್ಟೆಕೋಣೆಯ ಸೂಜಿ

ಆರ್.ಎಸ್. ಪುರಂನ ಒಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆಕೋಣೆ ಇತ್ತು. ವಾರ್ಡುಗಳಿಂದ ಇಳಿದು ಬರುವ ಕೊಳೆ ಹಾಸುಬಟ್ಟೆಗಳನ್ನು ವಿಂಗಡಿಸಿ ಒಗೆಯಲು ಕಳಿಸುವುದು, ಹರಿದದ್ದನ್ನು ಹೊಲಿಯುವುದು ನನ್ನ ಕೆಲಸ. ಕಿಟಕಿಯಿಂದ ಕಾಣುತ್ತಿದ್ದುದು ಹೋಗುವವರ ಬರುವವರ ಪಾದಗಳು ಮಾತ್ರ.

ಇಡೀ ಕಟ್ಟಡವೇ ತಮಿಳು. ಕನ್ನಡ ಬರುತ್ತಿದ್ದುದು ಇಬ್ಬರಿಗೆ: ನನಗೆ ಮತ್ತು ಗಂಡಸರ ವಾರ್ಡಿನ ಆಯಾಗೆ. ಆಕೆಯೂ ನನ್ನಂತೆ ನೇಯ್ಗೆ ಮನೆಯವಳು, ವಯಸ್ಸಿನಲ್ಲಿ ಹಿರಿಯಳು. ನಾನು ಅಕ್ಕ ಎನ್ನುತ್ತಿದ್ದೆ, ಅವಳು ಆ ಕಡೆಯ ಮುದ್ದುಮಾತಿನಲ್ಲಿ ಅಮ್ಮಿಣಿ ಎನ್ನುತ್ತಿದ್ದಳು. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಕೆಳಗಿಳಿದು ಬರುವಾಗ ಮೆಟ್ಟಿಲಿನಿಂದಲೇ ಮಾತು ಶುರು.

"ಏನ್ ಅಮ್ಮಿಣಿ, ಇವತ್ತು ಏನ್ ಕೊಳಂಬು ಮಾಡಿದ್ಯೋ! ಮೇಲೆ ಆಪರೇಶನ್ ಆಗಿ ಮಲಗಿದ್ದವನು ವಾಸನೆಗೆ ಎದ್ದು ಕೂತವ್ನೆ. ಡಾಕ್ಟರು ನನ್ನನ್ನ ಬಯ್ತವ್ರೆ."

ಅವಳಿಗೆ ನನ್ನ ಹುಳಿಸಾರು, ನನಗೆ ಅವಳ ಪಲ್ಯ. ದಿನವಿಡೀ ತಮಿಳಿನಲ್ಲಿ ದುಡಿದ ನಾಲಿಗೆಗೆ ಅದೊಂದು ಹೊತ್ತು ಮನೆಗೆ ಹೋಗಿ ಬಂದ ಹಾಗೆ.

ಕೊಳೆ ಬಟ್ಟೆ ಮುಟ್ಟುವಾಗ ದಪ್ಪ ಕೈಯುರೆ, ಅಂದರೆ ಕೈಗವಸು, ಹಾಕಿಕೊಳ್ಳಬೇಕೆಂಬುದು ನಿಯಮ. ಹಾಕಿಕೊಳ್ಳುತ್ತಿದ್ದೆ. ಆದರೆ ಹರಿದ ಬಟ್ಟೆಯನ್ನು ಬೇರೆ ಮಾಡುವಾಗ ಬಲಗೈಯದು ತಾನಾಗಿಯೇ ಕಳಚಿಹೋಗುತ್ತಿತ್ತು. ನಮ್ಮ ಮನೆಯಲ್ಲಿ ಮಗ್ಗದಿಂದ ಇಳಿದ ಸೀರೆಯನ್ನು ಅಜ್ಜಿ ಕಣ್ಣಿನಿಂದ ನೋಡುತ್ತಿರಲಿಲ್ಲ, ಅಂಗೈಯಿಂದ ಸವರಿ ನೋಡುತ್ತಿದ್ದರು. ಗಂಟು, ತೆಳುವು, ಹರಿದ ಎಳೆ ಎಲ್ಲ ಕೈಗೆ ಸಿಗುತ್ತಿತ್ತು. ಆ ಅಭ್ಯಾಸ ನನಗೂ ಇಳಿದು ಬಂದಿತ್ತು. ಅಂದು ಮಧ್ಯಾಹ್ನ ಹಾಗೆ ಸವರುವಾಗ ಅಂಗೈಗೆ ಸಿಕ್ಕಿದ್ದು ಇಂಜೆಕ್ಷನ್ ಸೂಜಿ.

ಯಾರು ಕಟ್ಟಿದ ಮೂಟೆಯದೆಂದು ಕೇಳಬೇಕಾಗಿರಲಿಲ್ಲ. ನೂಲಿನ ಲಡಿಗೆ ಹಾಕುವಂಥ ಬಿಗಿ ಗಂಟನ್ನು ಆಸ್ಪತ್ರೆಯಲ್ಲಿ ಅಕ್ಕನ ಹೊರತು ಇನ್ಯಾರೂ ಹಾಕುತ್ತಿರಲಿಲ್ಲ. ನಾನು ನಲ್ಲಿಯ ಕೆಳಗೆ ಸೋಪು ಹಚ್ಚಿ ಕೈ ತೊಳೆಯುತ್ತಿರುವಾಗಲೇ ಅಕ್ಕ ಇನ್ನೊಂದು ಮೂಟೆ ಹೊತ್ತು ಬಂದಳು. ಸೂಜಿ ನೋಡಿದಳು, ನನ್ನ ಕೈ ನೋಡಿದಳು, ಹೊತ್ತಿದ್ದ ಮೂಟೆ ಇಳಿಸಿದಳು.

"ರಕ್ತ ಬಂತಾ?"

"ಬಂತು ಅಕ್ಕಾ."

"ಸಿಸ್ಟರಮ್ಮ ಬೆಡ್ ಮೇಲೇ ಬಿಟ್ಟು ಹೋಗವ್ಳೆ. ನಾನ್ ನೋಡ್ಲಿಲ್ಲ, ಸುತ್ತಿಬಿಟ್ಟೆ." ಬಾಗಿಲ ಕಡೆ ನೋಡಿ, "ಹೊಲಿಯೋ ಸೂಜಿ ಚುಚ್ತು ಅಂತ ಹೇಳಿಬಿಡು ಅಮ್ಮಿಣಿ. ನೀನು ಹೊಲಿಯೋದು ಎಲ್ರಿಗೂ ಗೊತ್ತು, ಯಾರೂ ಕೇಳಲ್ಲ."

"ಏನಾದ್ರೂ ಆದ್ರೆ ಬರೆದುಕೊಡಿ, ಯಾರ ತಲೇನೂ ತೆಗೆಯಲ್ಲ ಅಂತ ಮೀಟಿಂಗಲ್ಲಿ ಹೇಳಿದ್ರಲ್ಲ?"

"ಮೀಟಿಂಗಲ್ಲಿ ಟೀ ಬಿಸ್ಕತ್ತೂ ಕೊಟ್ರು. ದಿನಾ ಕೊಡ್ತಾರಾ? ಸಿಸ್ಟರ್ ತಪ್ಪು ಮಾಡಿದ್ರೂ ಇಳಿದು ಬರೋದು ಆಯಾ ತಲೆಗೇ."

ಅವಳು ಹೇಳಿದ್ದು ಸುಳ್ಳೇನಲ್ಲ. ಆದರೆ ಹೊಲಿಗೆ ಸೂಜಿ ಎಂದರೆ ಒಂದು ಪಟ್ಟಿ ಸುತ್ತಿ ಕಳಿಸುತ್ತಾರೆ. ನಿಜ ಹೇಳಿದರೆ ಯಾವ ವಾರ್ಡು, ಯಾರ ರಕ್ತ, ಅವರಿಗೇನು ಕಾಯಿಲೆ ಎಂದು ಹುಡುಕುತ್ತಾರೆ, ನನಗೆ ಔಷಧಿ ಸಿಗುತ್ತದೆ. ಎಳೆ ಹರಿದರೆ ಮಗ್ಗ ನಿಲ್ಲಿಸು, ಮುಚ್ಚಿಟ್ಟರೆ ಸೀರೆ ಉದ್ದಕ್ಕೂ ಚಾಡಿ ಹೇಳುತ್ತದೆ ಎನ್ನುತ್ತಿದ್ದರು ಅಜ್ಜಿ. ನಾನು ಮೇಲೆ ಡಾಕ್ಟರ ಬಳಿ ಹೋಗಿ ಇಂಜೆಕ್ಷನ್ ಸೂಜಿ ಚುಚ್ಚಿತೆಂದೂ ವಾರ್ಡು ಯಾವುದೆಂದೂ ಹೇಳಿದೆ. ಕೈಯುರೆ ಇರಲಿಲ್ಲವೆಂಬುದನ್ನೂ ಹೇಳಿದೆ. ಅಕ್ಕನ ಹೆಸರು ಹೇಳಲಿಲ್ಲ. ಆದರೆ ಆ ವಾರ್ಡಿನ ಬಟ್ಟೆ ಕಟ್ಟುತ್ತಿದ್ದವಳು ಅವಳೊಬ್ಬಳೇ.

ಆ ಸೂಜಿ ಯಾವ ರೋಗಿಗೆ ಚುಚ್ಚಿದ್ದೆಂದು ಖಚಿತವಾಗಲಿಲ್ಲ. ಅಂದು ಬೆಳಿಗ್ಗೆ ಹಾಸಿಗೆ ಖಾಲಿ ಮಾಡಿದವರಲ್ಲಿ ಒಬ್ಬರು ಆನೈಮಲೈ ಬೆಟ್ಟದ ಕಡೆಯವರು, ಕೊಟ್ಟ ವಿಳಾಸದಲ್ಲಿ ಸಿಗಲೇ ಇಲ್ಲ. ನನಗೆ ಹೊಟ್ಟೆ ತೊಳಸುವ ಮಾತ್ರೆಗಳು, ಆಮೇಲೆ ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ರಕ್ತಪರೀಕ್ಷೆ. ಮನೆಯಲ್ಲಿದ್ದವರು ಅಮ್ಮ ಒಬ್ಬರೇ, ಅವರಿಗೆ ಹೇಳಲಿಲ್ಲ. ನನ್ನ ಲೋಟ ತಟ್ಟೆ ನಾನೇ ಬೇರೆ ಇಟ್ಟುಕೊಂಡೆ. ಬೇಕಿಲ್ಲವೆಂದು ಡಾಕ್ಟರು ಹೇಳಿದ್ದರೂ ಮನಸ್ಸು ಕೇಳಲಿಲ್ಲ.

ಆ ವಾರ್ಡಿನಲ್ಲಿ ಬಳಸಿದ ಸೂಜಿ ಹಾಕುವ ಡಬ್ಬಿ ಪ್ರತಿ ಟ್ರಾಲಿಗೂ ಬಂತು. ಯಾರ ತಲೆಯೂ ಹೋಗಲಿಲ್ಲ, ನಿಜವೇ. ಸಿಸ್ಟರು ಅಲ್ಲೇ ಉಳಿದರು. ಅಕ್ಕನನ್ನು ಮಾತ್ರ ಹೆರಿಗೆ ವಿಭಾಗಕ್ಕೆ ಹಾಕಿದರು.

ಅಲ್ಲಿಂದಾಚೆ ಅವಳು ಬಟ್ಟೆಕೋಣೆಯ ಒಳಗೆ ಕಾಲಿಡಲಿಲ್ಲ. ಮೂಟೆಯನ್ನು ಬಾಗಿಲಲ್ಲಿ ಇಟ್ಟು "ಎಣ್ಣಿಕ್ಕೋಂಗ" ಎನ್ನುವಳು, ಎಣಿಸಿಕೊಳ್ಳಿ ಎಂದು, ಎಲ್ಲರಿಗೂ ಹೇಳುವ ತಮಿಳಿನಲ್ಲಿ. ನಾನು ಕನ್ನಡದಲ್ಲಿ "ಊಟ ಆಯ್ತಾ ಅಕ್ಕಾ?" ಎಂದರೆ "ಆಚ್ಚುಂಗ", ಆಯ್ತು, ಎಂದು ಹೊರಟುಬಿಡುವಳು. ಒಬ್ಬಳೇ ಕೂತು ಉಣ್ಣುವಾಗ ಅನ್ನ ಅಗಿಯುವ ಸದ್ದೂ ಕಿವಿಗೆ ಬೀಳುತ್ತದೆ. ಕೆಲವು ದಿನ ಹಾಸುಬಟ್ಟೆಗಳ ಜೊತೆ ಕನ್ನಡ ಮಾತಾಡಿದ್ದೇನೆ. ಪಾಪ, ಅವು ಬಯ್ದರೂ ಸುಮ್ಮನಿರುತ್ತಿದ್ದವು.

ಕೊನೆಯ ಪರೀಕ್ಷೆಯಲ್ಲೂ ಏನೂ ಇಲ್ಲವೆಂದು ಬಂತು. ಒಳ್ಳೆಯ ಸುದ್ದಿ ಹೇಳಲು ಜನ ಬೇಕಲ್ಲ. ಹೆರಿಗೆ ವಿಭಾಗಕ್ಕೆ ಹತ್ತಿದೆ. ಅಕ್ಕ ಕೈಯುರೆ ಹಾಕಿಕೊಂಡು ಬಟ್ಟೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ಬಿಡಿಸಿ, ಅಂಚಿನಿಂದ ಅಂಚಿಗೆ ನೋಡಿ, ಆಮೇಲೆ ಚೀಲಕ್ಕೆ ಹಾಕುತ್ತಿದ್ದಳು. ಚೀಲದ ಬಾಯಿ ಕಟ್ಟಿದ್ದು ಸಡಿಲ ಗಂಟಿನಲ್ಲಿ, ಒಂದೇ ಎಳೆತಕ್ಕೆ ಬಿಚ್ಚುವಂತೆ.

"ಅಕ್ಕಾ, ರಕ್ತದಲ್ಲಿ ಏನೂ ಇಲ್ಲವಂತೆ."

ಅವಳ ಕೈ ನಿಂತಿತು. ತಲೆ ಎತ್ತಲಿಲ್ಲ. "ನಲ್ಲದುಂಗ," ಎಂದಳು. ಒಳ್ಳೆಯದು, ಅಷ್ಟೆ.

ನಾನು ಮೆಟ್ಟಿಲು ತಲುಪಿದಾಗ ಹಿಂದಿನಿಂದ ಸ್ವರ ಕೇಳಿತು. "ಕೈಗೆ ಉರೆ ಹಾಕ್ಕೊಂಡೇ ಮುಟ್ಟು ಅಮ್ಮಿಣಿ."

ತಿರುಗಿ ನೋಡಿದೆ. ಅವಳು ಮತ್ತೊಂದು ಬಟ್ಟೆ ಬಿಡಿಸುತ್ತಿದ್ದಳು.

ಅಂದು ಮಧ್ಯಾಹ್ನ ಡಬ್ಬಿ ತೆರೆದಿಟ್ಟು ಮೆಟ್ಟಿಲ ಕಡೆ ನೋಡುತ್ತಾ ಕೂತೆ. ಹುಳಿಸಾರು ಆರಿತು. ಯಾರೂ ಇಳಿದು ಬರಲಿಲ್ಲ.