ಮಗ್ಗ ನಿಲ್ಲಿಸುವ ಮಾತು

ನಮ್ಮ ಮನೆಯಲ್ಲಿ ಸಿನಿಮಾ ಮಾತಿನಲ್ಲಿ ಯಾರು ಗೆದ್ದರು ಎಂದು ತೀರ್ಪು ಕೊಡುವುದು ಮಾವನ ಮಗ್ಗ. ನಗಬೇಡಿ, ನಿಜ. ಭಾನುವಾರ ಮ್ಯಾಟಿನಿ ನೋಡಿಕೊಂಡು ಎಲ್ಲರೂ ಸಂಜೆ ಮನೆಗೆ ಬರುತ್ತೇವೆ. ಅರ್ಧ ದಿನ ಸಿನಿಮಾಕ್ಕೆ ಹೋಯಿತಲ್ಲ ಎಂಬ ಸಂಕಟಕ್ಕೆ ಮಾವ ಅಂಗಿ ಬಿಚ್ಚಿ ಮೊಳೆಗೆ ತಗುಲಿಹಾಕಿ ನೇರವಾಗಿ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂರುತ್ತಾರೆ. ಅತ್ತೆ ಗೋಡೆಯ ಹತ್ತಿರ ರಾಟೆ ಹಾಕಿಕೊಂಡು ಲಾಳಿಗೆ ಬೇಕಾದ ನೂಲು ಸುತ್ತುತ್ತಾರೆ. ಉಳಿದವರು ಚಾಪೆಯ ಮೇಲೆ. ಆಮೇಲೆ ಶುರು, ಜಗಳ. ಹೀರೋ ಹೇಗೆ, ಕತೆ ಹೇಗೆ, ಆ ಫೈಟ್ ಬೇಕಿತ್ತಾ, ಆ ಹಾಡು ಯಾವ ಪುಣ್ಯಾತ್ಮನಿಗೆ ಬೇಕಿತ್ತು. ಮಗ್ಗದ ಲಟಪಟ ಸದ್ದಿನಲ್ಲಿ ಮೆಲ್ಲಗೆ ಮಾತಾಡಿದರೆ ಯಾರಿಗೂ ಕೇಳುವುದಿಲ್ಲ, ಹಾಗಾಗಿ ಎಲ್ಲರೂ ಗಂಟಲು ಹರಿಯುವಂತೆ ಕೂಗಿಯೇ ಮಾತಾಡುತ್ತಾರೆ. ಬೀದಿಯಲ್ಲಿ ಹೋಗುವವರು ಈ ಮನೆಯಲ್ಲಿ ಆಸ್ತಿ ಪಾಲಾಗುತ್ತಿದೆ ಅಂದುಕೊಂಡರೆ ತಪ್ಪಿಲ್ಲ.

ಮಾವ ಮಾತ್ರ ಹೂಂ ಎನ್ನುವುದಿಲ್ಲ, ಊಹೂಂ ಎನ್ನುವುದೂ ಇಲ್ಲ. ನೇಯುತ್ತಲೇ ಇರುತ್ತಾರೆ. ಆದರೆ ಯಾರಾದರೂ ನಿಜವಾಗಿ ನಾಟುವ ಮಾತು ಹೇಳಿದರೆ ಅವರ ಕೈ ತಾನಾಗಿ ನಿಂತುಬಿಡುತ್ತದೆ. ಮಗ್ಗ ನಿಂತರೆ ಆ ಮಾತು ಗೆದ್ದ ಹಾಗೆ. ಇದನ್ನು ಯಾರೂ ಕಾಯಿದೆ ಮಾಡಿದ್ದಲ್ಲ, ಮಾವನಿಗೇ ಗೊತ್ತಿರಲಿಲ್ಲವಂತೆ. ಮನೆಯವರೆಲ್ಲ ಒಂದು ಕಿವಿ ಮಾತಿಗೆ, ಒಂದು ಕಿವಿ ಮಗ್ಗಕ್ಕೆ ಕೊಟ್ಟು ಕೂತಿರುತ್ತಾರೆ.

ನಾನು ತುಮಕೂರು ಕಡೆಯ ನೇಕಾರರ ಮನೆಯವಳು. ಸಿನಿಮಾ ಹುಚ್ಚಿ. ತವರಿನಲ್ಲಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಿನಿಮಾ ನೋಡಲು ಯಾರೂ ಒಪ್ಪುತ್ತಿರಲಿಲ್ಲ, ಅಷ್ಟು ಬಾಯಿ ನನ್ನದು. ಕೊಯಮತ್ತೂರಿಗೂ ತಿರುಪ್ಪೂರಿಗೂ ನಡುವಿನ ಈ ಊರಿಗೆ ಸಂಬಂಧ ಕುದುರಿದಾಗ ಎಲ್ಲರೂ ಒಂದೇ ಮಾತು ಹೇಳಿದರು: "ಅವರೂ ಕನ್ನಡದವರೇ ಕಣೇ, ತಲೆತಲಾಂತರದಿಂದ ಅಲ್ಲಿದಾರೆ ಅಷ್ಟೇ. ನಿನಗೇನೂ ತೊಂದರೆಯಿಲ್ಲ." ಹೌದು, ಅಡುಗೆಮನೆಯಲ್ಲಿ ತೊಂದರೆಯಿರಲಿಲ್ಲ. ಉಪ್ಪು, ಹುಳಿ, ನೀರು, ಹಾಲು, ಎಲ್ಲ ಕನ್ನಡದಲ್ಲೇ ನಡೆಯುತ್ತಿತ್ತು, ನಡುನಡುವೆ ತಮಿಳು ಸೇರಿಕೊಂಡು. ಆದರೆ ಮದುವೆಯಾದ ಮೊದಲ ಭಾನುವಾರ ಸಿನಿಮಾ ನೋಡಿ ಬಂದು ಚಾಪೆ ಹಾಸಿದರು ನೋಡಿ, ಇಡೀ ಮನೆ ಗಕ್ಕನೆ ತಮಿಳಿಗೆ ತಿರುಗಿತು. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರ್ ಆಗಿರುವ ನನ್ನ ಗಂಡ, ಅದೇ ಕಂಪನಿಯಲ್ಲಿ ಚೆಕಿಂಗ್ ಮಾಡುವ ನಾದಿನಿ, ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ಕಿರುಚುತ್ತಿದ್ದರು. ನನಗೆ ಹೀರೋ ಹೆಸರು ಬಿಟ್ಟರೆ ಒಂದಕ್ಷರ ಅರ್ಥವಾಗಲಿಲ್ಲ.

ಹೊಟ್ಟೆ ತುಂಬ ಮಾತು ಇಟ್ಟುಕೊಂಡು ಬಾಯಿ ಮುಚ್ಚಿಕೊಂಡು ಕೂರುವುದು ಏನು ಶಿಕ್ಷೆ ಎಂದು ಅನುಭವಿಸಿದವರಿಗೇ ಗೊತ್ತು. ಯಾರ ಜೊತೆ ಒಂದು ಸಿನಿಮಾದ ಮೇಲೆ ಜಗಳ ಆಡುವುದಕ್ಕಾಗುವುದಿಲ್ಲವೋ ಅವರ ಜೊತೆ ಜೀವಮಾನ ಹೇಗೆ ಕಳೆಯುವುದು ಎಂದು ನನಗೆ ನಿಜವಾಗಿಯೂ ದಿಗಿಲಾಯಿತು. ಇದು ದೊಡ್ಡ ಕಷ್ಟವಾ ಎಂದು ನೀವು ಕೇಳಬಹುದು. ನನಗೆ ದೊಡ್ಡದೇ ಆಗಿತ್ತು. ಭಾನುವಾರ ಸಂಜೆ ಅಮ್ಮ ಫೋನ್ ಮಾಡುವಳು.

"ಅಡುಗೆ ಒಗ್ಗಿತೇನೇ?"

"ಅಡುಗೆ ಒಗ್ಗಿತಮ್ಮ. ಬಾಯಿ ಒಗ್ಗಿಲ್ಲ."

"ಹಂಗಂದ್ರೆ?"

"ಏನಿಲ್ಲ ಬಿಡು. ಅತ್ತೆ ಒಳ್ಳೆಯವರು. ಬೈಯೋದೂ ಇಲ್ಲ."

ಅದೇ ನನ್ನ ಸಂಕಟ ಎಂದು ಅಮ್ಮನಿಗೆ ಹೇಗೆ ಬಿಡಿಸಿ ಹೇಳುವುದು? ಅತ್ತೆ ಬೈಯುತ್ತಿರಲಿಲ್ಲ, ನಗುತ್ತಿರಲಿಲ್ಲ. ನಂಟರ ಮಗಳು ನಾಲ್ಕು ದಿನ ಇರಲು ಬಂದಿದ್ದಾಳೆ ಎನ್ನುವಂತೆ ನನ್ನನ್ನು ನೋಡಿಕೊಳ್ಳುತ್ತಿದ್ದರು. ಸಿನಿಮಾ ಮಾತಿನ ಹೊತ್ತಿಗಂತೂ ಅವರೊಬ್ಬರೇ ತುಟಿ ಬಿಚ್ಚುತ್ತಿರಲಿಲ್ಲ. ರಾಟೆ ತಿರುಗಿಸುತ್ತಾ ನೂಲನ್ನೇ ನೋಡುತ್ತಿದ್ದರು. ಸ್ವಭಾವವೇ ಹಾಗಿರಬೇಕು ಎಂದುಕೊಂಡೆ. ಒಮ್ಮೊಮ್ಮೆ, ನಾನು ಬಂದದ್ದೇ ಇವರಿಗೆ ಹಿಡಿಸಿಲ್ಲವೋ ಏನೋ ಅಂತಲೂ ಅನ್ನಿಸುತ್ತಿತ್ತು.

ಸುಮ್ಮನೆ ಕೂತರೆ ನಾನು ನಾನಾ? ತಮಿಳು ಕಲಿಯಲು ಹಟ ಹಿಡಿದು ಕೂತೆ. ತರಕಾರಿಯವಳ ಹತ್ತಿರ ಬೇಡದ ಬದನೆಕಾಯಿಗೂ ಚೌಕಾಸಿ ಮಾಡಿದೆ. ಫೋನಿನಲ್ಲಿ ಹಳೆಯ ಸಿನಿಮಾಗಳನ್ನು ಹಾಕಿಕೊಂಡು ಡೈಲಾಗ್ ಹಿಂದೆ ಡೈಲಾಗ್ ಗುನುಗಿದೆ. ಮಾವಿನ ಕಾಲ ಬಂದು ಹೋಗುವ ಹೊತ್ತಿಗೆ ಕೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಆದರೆ ಚಾಪೆಯ ಮೇಲೆ ಬಾಯಿ ತೆರೆಯಲು ಧೈರ್ಯ ಸಾಲದು. ನಕ್ಕುಬಿಟ್ಟರೆ?

ಒಂದು ಶನಿವಾರ ತಾರಸಿಯ ಮೇಲೆ ಬಟ್ಟೆ ಒಣಗಿಸುವಾಗ ನಾದಿನಿಯನ್ನು ಕೇಳಿಯೇಬಿಟ್ಟೆ. "ಅತ್ತೆಗೆ ಸಿನಿಮಾ ಅಂದ್ರೆ ಇಷ್ಟ ಇಲ್ವಾ?"

ಅವಳು ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡಿದ್ದವಳು ಅದನ್ನು ಕೈಗೆ ತೆಗೆದು ನನ್ನನ್ನೇ ನೋಡಿದಳು. "ಅಮ್ಮಂಗಾ? ಅತ್ತಿಗೆ, ಈ ಮನೇಲಿ ಅಪ್ಪನ ಮಗ್ಗ ಜಾಸ್ತಿ ನಿಲ್ಲಿಸಿದ್ದೇ ಅಮ್ಮ. ಪಡಂ ನೋಡಿ ಬಂದು ಅವ್ರು ಬಾಯಿ ಬಿಟ್ಟು ಪೇಸಕ್ಕೆ ಶುರು ಮಾಡಿದ್ರೆ ನಮ್ಗೆ ಚಾನ್ಸೇ ಇರಲ್ಲ. ಎಲ್ಲಾ ಕನ್ನಡದಲ್ಲೇ. ನಿಮ್ಮ ಕಲ್ಯಾಣ ಆದ್ಮೇಲೆ ನಿಂತೋಯ್ತು."

"ನನ್ನಿಂದಾನಾ?"

ಅವಳು ಹಿಂದೆಮುಂದೆ ನೋಡಿ ಹೇಳಿದಳು. ಮದುವೆ ಛತ್ರದಲ್ಲಿ ಊಟಕ್ಕೆ ಕೂತಾಗ ಅತ್ತೆ ಏನೋ ಕೇಳಿದರಂತೆ, ಇನ್ನೊಂದು ಚೂರು ರಸಂ ಬಡಿಸಿ ಎಂದೋ ಏನೋ. ನನ್ನ ಚಿಕ್ಕಮ್ಮ ಅದನ್ನು ಅವರ ರಾಗದಲ್ಲೇ ಅಣಕಿಸಿ ಪಂಕ್ತಿಗೆಲ್ಲ ಕೇಳುವಂತೆ ನಕ್ಕಳಂತೆ. ಅಂದಿನಿಂದ ಅತ್ತೆ ಮನೆಯಲ್ಲಿ ಹೇಳಿದ್ದು ಇಷ್ಟು: "ಅವ್ಳು ಓದಿರೋ ಹುಡುಗಿ, ಅಸಲು ಕನ್ನಡ. ನಮ್ದು ಕಲಬೆರಕೆ. ಅವ್ಳ ಮುಂದೆ ಜಾಸ್ತಿ ಪೇಸಬೇಡಿ, ನಗ್ತಾಳೆ." ಅದಕ್ಕೇ ಚಾಪೆಯ ಮೇಲೆ ಎಲ್ಲರೂ ತಮಿಳಿಗೆ ಹೊರಳುತ್ತಿದ್ದರು. ಅತ್ತೆಗೆ ತಮಿಳು ಬರುವುದಿಲ್ಲವೆಂದಲ್ಲ, ಬೀದಿಯಲ್ಲೆಲ್ಲ ಅದೇ. ಆದರೆ ಸಿನಿಮಾದ ಮೇಲಿನ ಸಿಟ್ಟು ಅವರಿಗೆ ಕನ್ನಡದಲ್ಲೇ ಬರುವುದಂತೆ, ತಮಿಳಿನಲ್ಲಿ ಬರುವುದೇ ಇಲ್ಲವಂತೆ.

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಾನು ಇವರ ಜೊತೆ ಮಾತಾಡಲೆಂದು ತಮಿಳು ಕಲಿಯುತ್ತಿದ್ದೆ, ಇವರು ನನ್ನಿಂದ ಅಡಗಿಕೊಳ್ಳಲೆಂದು ತಮಿಳು ಆಡುತ್ತಿದ್ದರು! ಚಿಕ್ಕಮ್ಮನ ನಾಲಿಗೆಗೆ ಬರೆ ಎಳೆಯಬೇಕು ಅನ್ನಿಸುವಷ್ಟು ಕೋಪ ಬಂತು. ಗಂಡನ ಮೇಲೂ ಬಂತು. "ಹೇಳಬಾರದಿತ್ತಾ ನೀವು?" ಎಂದರೆ ಆ ಮಹಾಶಯ, "ನೀನು ಕೇಳಲೇ ಇಲ್ವೇ" ಎಂದು ಟೀ ಹೀರಿದರು.

ಮರುದಿನ ಭಾನುವಾರ. ಕೊಯಮತ್ತೂರಿನ ಗಾಂಧಿಪುರಂನಲ್ಲಿ ಬಸ್ಸಿಳಿದು, ಹೊಸದಾಗಿ ಬಂದ ಸಿನಿಮಾಕ್ಕೆ ಹೋದೆವು. ಕತೆ ಇಷ್ಟೇ: ಬಸ್ ಕಂಡಕ್ಟರ್ ಒಬ್ಬ ಹೆಂಡತಿಯ ಮೇಲೆ ಅನುಮಾನಪಟ್ಟು ಅವಳನ್ನು ಮನೆಯಿಂದ ಹೊರಗೆ ಹಾಕುತ್ತಾನೆ. ಅವಳು ಬೇರೆ ಊರಿಗೆ ಹೋಗಿ ಟೈಲರಿಂಗ್ ಅಂಗಡಿ ಇಟ್ಟು, ಊರ ಹೆಂಗಸರ ಸೀರೆಗೆಲ್ಲ ಜಾಕೀಟು ಹೊಲಿದು, ತಲೆಯೆತ್ತಿ ಬದುಕುತ್ತಾಳೆ. ಕೊನೆಯಲ್ಲಿ ಅವನು ತನ್ನದೇ ಬಸ್ಸನ್ನು ಅಂಗಡಿಯ ಮುಂದೆ ನಿಲ್ಲಿಸಿ, ಮಳೆಯಲ್ಲಿ ತೋಯ್ದುಕೊಂಡು ಕೈಮುಗಿದು ಅಳುತ್ತಾನೆ. ಅವಳು ಮಿಷಿನ್ ಬಿಟ್ಟು ಎದ್ದು ಬಸ್ ಹತ್ತುತ್ತಾಳೆ. ಶುಭಂ. ಥಿಯೇಟರ್ ತುಂಬ ಸೀಟಿ. ನಾದಿನಿ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಪಕ್ಕದಲ್ಲಿ ಅತ್ತೆ ಲೊಚಗುಟ್ಟಿದ್ದು ಕೇಳಿಸಿತು. ತಿರುಗಿ ನೋಡಿದರೆ ತುಟಿ ಬಿಗಿದುಕೊಂಡಿದ್ದರು. ಒಳಗೆ ಏನೋ ಕುದಿಯುತ್ತಿತ್ತು, ನನಗೆ ಚೆನ್ನಾಗಿ ಗೊತ್ತಿರುವ ಕುದಿತ ಅದು.

ಸಂಜೆ ಚಾಪೆ ಬಿತ್ತು. ಮಾವ ಮಗ್ಗದಲ್ಲಿ, ಅತ್ತೆ ರಾಟೆಯಲ್ಲಿ. ಗಂಡ ಹಾಡು ಸೂಪರ್ ಎಂದರು, ಮಗ್ಗ ನಿಲ್ಲಲಿಲ್ಲ. ನಾದಿನಿ ಕ್ಲೈಮ್ಯಾಕ್ಸ್ ನೆನೆದು ಮತ್ತೊಮ್ಮೆ ಮೂಗು ಒರೆಸಿಕೊಂಡಳು, ಮಗ್ಗ ನಿಲ್ಲಲಿಲ್ಲ. ನಕ್ಕರೆ ನಗಲಿ, ಇವತ್ತು ಈ ಮನೆಯಲ್ಲಿ ಯಾರಾದರೂ ಮೊದಲು ನಗೆಪಾಟಲಾಗಲೇಬೇಕು, ಅದು ನಾನೇ ಆಗಲಿ ಎಂದುಕೊಂಡು ಎದ್ದು ನಿಂತು ಕೂಗಿದೆ:

"ಅವ ತಿರುಂಬಿ ಪೋಗಬಾರದಿತ್ತು!"

ಅವಳು ವಾಪಸ್ ಹೋಗಬಾರದಿತ್ತು ಎಂದು ಹೇಳಹೊರಟದ್ದು, ಬಂದದ್ದು ಅರ್ಧ ತಮಿಳು, ಅರ್ಧ ತುಮಕೂರು. ನಾದಿನಿ ಹೊಟ್ಟೆ ಹಿಡಿದುಕೊಂಡು ಚಾಪೆಯ ಮೇಲೆ ಉರುಳಿದಳು. ಗಂಡನಿಗೆ ಟೀ ನೆತ್ತಿಗೇರಿತು. ನಾನು ಬಿಡಲಿಲ್ಲ. ಹೊರಗೆ ಹಾಕಿದವನು ನಾಲ್ಕು ಹನಿ ಕಣ್ಣೀರು ಹಾಕಿದರೆ ಸಾಕಾ, ಇವಳಿಗೆ ಬುದ್ಧಿ ಬೇಡವಾ ಎಂದು ಅದೇ ಕಲಸುಮೇಲೋಗರದಲ್ಲಿ, ಒಂದು ಮಾತಿಗೆ ಎರಡು ತಪ್ಪು ಮಾಡುತ್ತಾ, ಮಗ್ಗದ ಸದ್ದನ್ನೂ ಮೀರಿ ಕೂಗಿದೆ. "ನಗ್ರಿ, ಚೆನ್ನಾಗಿ ನಗ್ರಿ. ನನ್ನ ತಮಿಳು ಇಷ್ಟೇ. ಆದ್ರೆ ನಾನು ಹೇಳಿದ್ದು ಸುಳ್ಳಾ?"

ಮಗ್ಗ ನಡೆಯುತ್ತಲೇ ಇತ್ತು. ನಿಂತದ್ದು ರಾಟೆ.

ಅತ್ತೆಯ ಭುಜ ಅಲುಗುತ್ತಿತ್ತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ನೋಡನೋಡುತ್ತಿದ್ದಂತೆ ಸೆರಗು ಜಾರಿ, ಆ ಹೆಂಗಸು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಕ್ಕು ಸುಸ್ತಾಗಿ, ಕಣ್ಣೊರೆಸಿಕೊಂಡು, ನನ್ನ ಕಡೆ ಬೆರಳು ಮಾಡಿದರು.

"ಪೋಗಲಿ ಬಿಡು ಮಾ, ಗಂಡನ ಜೊತೆ ಪೋಗಲಿ, ಅವ್ಳ ಇಷ್ಟ. ಆದ್ರೆ ಜಾಕೀಟು? ದೀಪಾವಳಿಗೆ ಅಂತ ಊರೆಲ್ಲಾ ಹೊಲಿಯಕ್ಕೆ ತುಣಿ ಕೊಟ್ಟಿದಾರೆ ಅವ್ಳ ಕೈಲಿ. ಮಿಷಿನ್ ಮೇಲೆ ಅರ್ಧ ಹೊಲ್ದಿರೋ ಜಾಕೀಟು ಅಂಗೇ ಐತೆ. ಅಂಗಡಿಗೆ ಬೀಗ ಇಲ್ಲ. ಮಳೆ ಬೇರೆ! ಬಂದವ್ನ ಸ್ಟೂಲ್ ಹಾಕಿ ಕೂರ್ಸು, ಟೀ ಕೊಡು, ಅಳ್ಲಿ ಅವ್ನು. ಹೊಲ್ದು ಮುಗ್ಸಿ, ಕೊಡೋರ್ಗೆ ಕೊಟ್ಟು, ಅಪ್ಪುರಂ ಬಸ್ ಹತ್ತು. ಅರ್ಧ ಹೊಲ್ದು ಎದ್ದೋಗೋ ಹೆಂಗ್ಸು ನಾ ಎಲ್ಲೂ ಕಂಡಿಲ್ಲ. ಆ ಕತೆ ಬರ್ದವ್ನು ಒಂದು ಗುಂಡಿ ಆದ್ರೂ ಹೊಲ್ದಿದಾನಾ?"

ಏನೋ ಕೊರತೆಯಾಯಿತಲ್ಲ ಎನ್ನಿಸಿ ತಿರುಗಿ ನೋಡಿದರೆ, ಮಗ್ಗ ನಿಂತಿತ್ತು. ಮಾವ ಲಾಳಿ ಕೈಯಲ್ಲಿ ಹಿಡಿದುಕೊಂಡು ಅತ್ತೆಯನ್ನೇ ನೋಡುತ್ತಿದ್ದರು. ಬಹಳ ದಿನದ ಮೇಲೆ ಊರಿಂದ ಬಂದವರನ್ನು ನೋಡುವ ಹಾಗೆ.

ಅತ್ತೆ ಗೆದ್ದಿದ್ದರು. ಆದರೂ ಸೋಲುವುದುಂಟೇ? "ಅತ್ತೆ, ಜಾಕೀಟು ಪಕ್ಕದವ್ರು ಹೊಲೀತಾರೆ ಬಿಡಿ. ಪ್ರಶ್ನೆ ಅದಲ್ಲ..." ಎಂದು ಶುರುಮಾಡಿದೆ.

"ಸುಮ್ನಿರು ಮಾ! ನಿಂಗೇನ್ ಗೊತ್ತು? ಒಬ್ರು ಕತ್ರಿಸಿದ ಜಾಕೀಟು ಇನ್ನೊಬ್ರು ಹೊಲಿದ್ರೆ ತೋಳು ಕೂರ್ತದಾ?" ಎಂದು ಅತ್ತೆ ಗದರಿದರು.

ಅಷ್ಟರಲ್ಲಿ ಅಮ್ಮನ ಫೋನ್ ಬಂತು. ಎತ್ತಿದವಳೇ, "ಅಮ್ಮಾ, ಅತ್ತೆ ನನ್ನ ಬೈದ್ರು!" ಎಂದೆ. ಕುಣಿಯುವುದೊಂದು ಬಾಕಿ.

"ಅಯ್ಯೋ ದೇವರೇ, ಏನು ಮಾಡಿದೆಯೇ?" ಅಮ್ಮನಿಗೆ ಗಾಬರಿ.

ನಾನು ಬಾಯಿ ತೆರೆಯುವುದರೊಳಗೆ ಅತ್ತೆ ರಾಟೆ ಬಿಟ್ಟೆದ್ದು ಬಂದು ಫೋನ್ ಕಿತ್ತುಕೊಂಡರು. ಕಿವಿಗಿಟ್ಟುಕೊಂಡರು. ಮದುವೆಯ ದಿನದಿಂದ ಅವರು ನನ್ನ ತವರಿನವರ ಜೊತೆ ಒಂದು ಮಾತೂ ಆಡಿರಲಿಲ್ಲ. ಆಮೇಲೆ, "ಕೇಳಿ ಮಾ, ನೀವೇ ಹೇಳಿ" ಎಂದು ಶುರುವಾಯಿತು ನೋಡಿ! ಕಂಡಕ್ಟರಿನಿಂದ ಹಿಡಿದು ಮಳೆಯವರೆಗೆ, ಪೇಸುವುದೂ ಪೋಗುವುದೂ ಅಪ್ಪುರವೂ ಸೇರಿದ ತಮ್ಮ ಕನ್ನಡದಲ್ಲಿ, ತಮ್ಮದೇ ರಾಗದಲ್ಲಿ, ಇಡೀ ಸಿನಿಮಾ ಹೇಳಿದರು. ಮಾವ ಮಗ್ಗಕ್ಕೆ ಕೈಹಾಕಲೇ ಇಲ್ಲ.

ಫೋನ್ ನನ್ನ ಕೈಗೆ ಬಂದಾಗ ಅಮ್ಮ ನಗುತ್ತಿದ್ದಳು. "ನಿಮ್ಮತ್ತೆ ಹೇಳಿದ್ದೇ ಸರಿ ಕಣೇ. ಆ ಜಾಕೀಟಿನ ಗತಿ ಏನಾಯ್ತು? ಎಷ್ಟು ಚೆನ್ನಾಗಿ ಹೇಳ್ತಾರೆ ಕತೇನ. ಮುಂದಿನ ವಾರದ್ದೂ ಅವರೇ ಹೇಳ್ಲಿ, ನೀನು ಮಧ್ಯೆ ಬಾಯಿ ಹಾಕಬೇಡ."

ಅಮ್ಮ ಹೇಳಿದ್ದನ್ನು ಹಾಗೇ ಅತ್ತೆಗೆ ಒಪ್ಪಿಸಿದೆ. ಅವರು ಕೇಳಿಸಲಿಲ್ಲವೇನೋ ಎನ್ನುವಂತೆ ರಾಟೆಯ ಮುಂದೆ ಕೂತು, ತುಂಡಾಗಿದ್ದ ನೂಲನ್ನು ಹುಡುಕಿ ಗಂಟು ಹಾಕಿದರು. ಆಮೇಲೆ ತಲೆಯೆತ್ತದೆ ನನ್ನನ್ನು ಕೇಳಿದರು:

"ಬರೋ ವಾರ ಯಾವ ಪಡಂ ಬರ್ತದಂತೆ, ನೋಡು ಮಾ."